ಶನಿವಾರ ಬೆಳಿಗ್ಗೆ ನಿಮ್ಮ ಊರಿನ ಮೈದಾನದಲ್ಲಿ ಯಾರು ಆಡುತ್ತಾರೆ?

ಕುಕ್ಕರಹಳ್ಳಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆರು ವರ್ಷ ಇದ್ದು, ಎರಡು ವರ್ಷಗಳ ಹಿಂದೆ ಮೈಸೂರಿಗೆ ಮರಳಿದ್ದೇವೆ. ಊಟ, ಮಾತು, ನೆಂಟರು, ಹಬ್ಬ ಎಲ್ಲವೂ ಮತ್ತೆ ಕೈಗೆ ಬಂದಿವೆ. ಬಾರದೆ ಉಳಿದದ್ದು ಶನಿವಾರದ ಬೆಳಗು ಒಂದೇ.

ಮಗನಿಗೆ ಎಂಟು ತುಂಬಿದಾಗ ಅವನನ್ನು ಅಲ್ಲಿನ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿಗೆ ಸೇರಿಸಿದ್ದೆವು. ಆ ವಯಸ್ಸಿನವರಿಗೆ ಅರ್ಧಕ್ಕಿಂತ ಚಿಕ್ಕ ಅಂಗಳ, ಆರು ಮಕ್ಕಳ ಎದುರು ಆರು ಮಕ್ಕಳು. ಆಟ ಹೇಳಿಕೊಡುತ್ತಿದ್ದವರು ಅದೇ ತಂಡದ ಹುಡುಗಿಯೊಬ್ಬಳ ತಂದೆ, ವಾರವಿಡೀ ಅಂಚೆ ಹಂಚುವ ಕೆಲಸದವರು. ಬೇರೆ ಊರಿನ ಆಟಕ್ಕೆ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯಲು ಒಬ್ಬರ ಸರದಿ, ಕ್ಯಾಂಟೀನಿನಲ್ಲಿ ಕಾಫಿ ಕೊಡಲು ಇನ್ನೊಬ್ಬರ ಸರದಿ, ಇಡೀ ತಂಡದ ಕೆಸರು ಮೆತ್ತಿದ ಜೆರ್ಸಿಗಳನ್ನು ದೊಡ್ಡ ಚೀಲದಲ್ಲಿ ಮನೆಗೆ ಹೊತ್ತು ತಂದು ಒಗೆದುಕೊಡಲು ಮತ್ತೊಬ್ಬರ ಸರದಿ. ನನ್ನ ಹೆಂಡತಿಗೆ ಅಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಆ ಚೀಲ ಕೈಯಿಂದ ಕೈಗೆ ದಾಟುವಾಗ. ಆಟ ಮುಗಿದ ಮೇಲೆ ಸೋತವರೂ ಗೆದ್ದವರೂ ಒಂದೇ ಸಾಲಿನಲ್ಲಿ ನಿಂತು, ಒಂದು ಮಗುವೂ ಬಿಡದಂತೆ ಒಂದೊಂದು ಪೆನಾಲ್ಟಿ ಒದೆಯುತ್ತಿದ್ದರು. ನನ್ನ ಮಗ ಇಡೀ ಋತುವಿನಲ್ಲಿ ಹೊಡೆದ ಗೋಲುಗಳೆಲ್ಲವೂ ಆ ಸಾಲಿನಲ್ಲಿ ಹೊಡೆದವೇ.

ಇಲ್ಲಿಗೆ ಬಂದ ಮೇಲೆ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿನವರು ನನ್ನನ್ನು ಪಕ್ಕಕ್ಕೆ ಕರೆದು, ಈ ಹುಡುಗ ಸೆಲೆಕ್ಷನ್‌ವರೆಗೆ ಹೋಗುವವನಲ್ಲ, ಸುಮ್ಮನೆ ದುಡ್ಡು ಹಾಕಬೇಡಿ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನನ್ನ ಹಣದ ಮೇಲಿನ ಕಾಳಜಿಯಿಂದಲೇ ಹೇಳಿದರು. ಆ ರಾತ್ರಿ ಮಗ ಬೂಟುಗಳನ್ನು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ನನ್ನ ಪ್ರಶ್ನೆ ಇಷ್ಟೆ. ನೀವಿರುವ ಅಥವಾ ನೋಡಿಬಂದ ದೇಶದಲ್ಲಿ, ಪ್ರತಿಭೆ ಇಲ್ಲದ ಮಗುವಿಗೂ ಐವತ್ತು ದಾಟಿದ ದೊಡ್ಡವರಿಗೂ ಆಡಲು ಜಾಗ ಇದೆಯೇ? ಹೊರಗಿನಿಂದ ಬಂದ ನಿಮ್ಮನ್ನು ಆ ಜಾಗ ಒಳಗೆ ಬಿಟ್ಟುಕೊಂಡಿತೇ? ಅಲ್ಲಿನವರ ದಿನನಿತ್ಯದ ನೆಮ್ಮದಿಗೂ ಈ ಆಟಕ್ಕೂ ನಿಜವಾಗಿ ಸಂಬಂಧವಿದೆ ಎಂದು ನಿಮಗೆ ಅನ್ನಿಸಿದೆಯೇ?

ಏಳು ಬೆಟ್ಟದೂರು (ಬರ್ಗೆನ್, ನಾರ್ವೆ)

ಸಂಬಂಧ ಇದೆ ಎಂದೇ ನಾನು ಹೇಳುತ್ತೇನೆ. ನಾರ್ವೆಯ ಕ್ರೀಡಾ ಒಕ್ಕೂಟ 1987ರಲ್ಲಿಯೇ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮಗಳನ್ನು ಮಾಡಿತು, 2007ರಲ್ಲಿ ಅವುಗಳ ಜೊತೆಗೆ ಮಕ್ಕಳ ಹಕ್ಕುಗಳನ್ನೂ ಬರೆದು ಸೇರಿಸಿತು. ಹನ್ನೊಂದನೆಯ ವಯಸ್ಸಿನವರೆಗೆ ಅಂಕಪಟ್ಟಿ, ಶ್ರೇಯಾಂಕ ಪ್ರಕಟಿಸುವಂತಿಲ್ಲ. ಹದಿಮೂರಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಗೆ ಮಕ್ಕಳನ್ನು ಕಳಿಸುವಂತಿಲ್ಲ. ಯಾವ ಆಟ ಆಡಬೇಕು, ಎಷ್ಟು ಆಡಬೇಕು ಎಂದು ಹೇಳುವ ಹಕ್ಕು ಮಗುವಿಗೂ ಇದೆ.

ಹೀಗೆ ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ ಎಂದು ನಮ್ಮವರೇ ಹಲವರು ನನ್ನೊಡನೆ ವಾದಿಸಿದ್ದಾರೆ. ಹಾಗಾದರೆ ಸುಮಾರು 55 ಲಕ್ಷ ಜನರಿರುವ ಈ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನವೂ ಸೇರಿ 37 ಪದಕ ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಅವರು ಮಾತು ಬದಲಿಸುತ್ತಾರೆ. ಬೇಗನೆ ಜರಡಿ ಹಿಡಿಯದೇ ಇದ್ದುದರಿಂದ ತಡವಾಗಿ ಅರಳುವ ಮಕ್ಕಳು ಕೈತಪ್ಪಿ ಹೋಗಲಿಲ್ಲ ಎಂಬುದು ಇಲ್ಲಿಯ ತರಬೇತುದಾರರು ಕೊಡುವ ಕಾರಣ.

ನೀವು ಹೇಳಿದ ಸರದಿಗೆ ಇಲ್ಲಿ ‘ದುಗ್ನಾದ್’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ನಾಟಿಗೋ ಮನೆ ಕಟ್ಟಲಿಕ್ಕೋ ಮುಯ್ಯಾಳಾಗಿ ಹೋಗುತ್ತಿದ್ದರಲ್ಲ, ಅದರ ಹತ್ತಿರದ ಪದ್ಧತಿ. ಕ್ಲಬ್ಬಿನ ಬೇಲಿಗೆ ಬಣ್ಣ ಹೊಡೆಯಲು ಕರೆ ಬಂದಾಗ ನಾನು ಹೋದೆ. ನಾಲ್ಕು ವರ್ಷ ಎದುರು ಮನೆಯಲ್ಲಿದ್ದೂ ತಲೆಯಾಡಿಸುವುದಕ್ಕಿಂತ ಹೆಚ್ಚು ಮಾತಾಡದಿದ್ದ ಹಿರಿಯರೊಬ್ಬರು ಅಂದು ನನ್ನ ಜೊತೆ ಮೂರು ಗಂಟೆ ಮಾತಾಡಿದರು. ಅದಾದ ಮೇಲಿನ ಈಸ್ಟರ್‌ನಲ್ಲಿ ಅವರೇ ನಮ್ಮನ್ನು ಹಿಮದ ಮೇಲೆ ಸ್ಕೀ ಮಾಡಲು ಕರೆದೊಯ್ದರು. ಅಲ್ಲಿ ಎಲ್ಲರ ಚೀಲದಲ್ಲಿಯೂ ಎರಡು ವಸ್ತು ತಪ್ಪದೆ ಇರುತ್ತವೆ, ಕಿತ್ತಳೆ ಹಣ್ಣು ಮತ್ತು ಕ್ವಿಕ್ ಲುನ್ಶ್ ಚಾಕೊಲೇಟ್. ನಾನು ಹತ್ತು ಸಲ ಬಿದ್ದೆ. ಪ್ರತಿ ಸಲವೂ ಅವರು ಕಾಯುತ್ತ ನಿಂತರೇ ಹೊರತು, ಹೇಗೆ ನಡೆಯಬೇಕೆಂದು ಒಂದು ಸಲವೂ ಹೇಳಲಿಲ್ಲ.

ಅಂಕಿ ಸಂಖ್ಯೆ (ಬೆಂಗಳೂರು)

ಇಬ್ಬರ ಬರಹವೂ ಮನಮುಟ್ಟುವಂತಿದೆ. ಆದರೆ ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತಿದ್ದೇವೆ ಎಂದು ನನ್ನ ಅನುಮಾನ. ದೇಶಗಳ ನೆಮ್ಮದಿಗೆ ಶ್ರೇಯಾಂಕ ಕೊಡುವ ವಿಶ್ವ ಸಂತೋಷ ವರದಿಯಲ್ಲಿ ಜನರನ್ನು ನೀವು ಸಂತೋಷವಾಗಿದ್ದೀರಾ ಎಂದು ಕೇಳುವುದೇ ಇಲ್ಲ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯನ್ನು ಕಲ್ಪಿಸಿಕೊಳ್ಳಿ, ತುದಿಯ ಮೆಟ್ಟಿಲು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಈಗ ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂದು ಕೇಳುತ್ತಾರೆ. ಮೂರು ವರ್ಷಗಳ ಉತ್ತರಗಳ ಸರಾಸರಿಯೇ ಶ್ರೇಯಾಂಕ. 2018ರಿಂದ ಫಿನ್‌ಲ್ಯಾಂಡ್ ಮೊದಲ ಸ್ಥಾನದಲ್ಲಿದೆ, 2025ರ ವರದಿಯಲ್ಲಿ ಭಾರತ 118ನೆಯದು. ಆಸ್ಪತ್ರೆ ಖರ್ಚಿನ ಹೆದರಿಕೆ ಇಲ್ಲದ, ಸಂಜೆ ಐದಕ್ಕೆ ಮನೆಗೆ ಬರುವ, ಸರ್ಕಾರವನ್ನು ನಂಬುವ ಜನ ಮೇಲಿನ ಮೆಟ್ಟಿಲು ತೋರಿಸುತ್ತಾರೆ. ಅವರಿಗೆ ಬಿಡುವಿದೆ, ಆದ್ದರಿಂದ ಆಡುತ್ತಾರೆ. ಬೆಂಗಳೂರಿನಲ್ಲಿ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವ ತಂದೆ ಯಾವ ಸರದಿಗೆ ಬರಲು ಸಾಧ್ಯ?

ಶರಾವತಿ (ಆಮ್‌ಸ್ಟರ್‌ಡ್ಯಾಮ್)

ದೂರದ ಬೆಟ್ಟ ನುಣ್ಣಗೆ. ನನ್ನ ಮಗಳ ಹೆಸರು ಇಲ್ಲಿಯ ಹಾಕಿ ಕ್ಲಬ್ಬಿನ ಕಾಯುವ ಪಟ್ಟಿಯಲ್ಲಿ ಒಂದೂವರೆ ವರ್ಷದಿಂದ ಇದೆ.

ಕುಕ್ಕರಹಳ್ಳಿ

ಶರಾವತಿ ಅವರೇ, ನೀವು ಹೇಳುವುದು ನಿಜ. ನಾವೂ ಐದು ತಿಂಗಳು ಕಾದೆವು, ಅದನ್ನು ಮೊದಲೇ ಬರೆಯಬೇಕಿತ್ತು. ದೊಡ್ಡ ನಗರಗಳಲ್ಲಿ, ಅದರಲ್ಲಿಯೂ ಹಾಕಿಗೆ, ಇನ್ನೂ ಕಷ್ಟವೆಂದು ಕೇಳಿದ್ದೇನೆ. ಕ್ಲಬ್ಬಿನಲ್ಲಿ ಕೈಗೂಡಿಸಲು ನಾನೇ ಬರುತ್ತೇನೆಂದು ತಿಳಿಸಿದವರಿಗೆ ಕೆಲವು ಕಡೆ ಬೇಗ ಜಾಗ ಸಿಗುತ್ತದೆ, ಒಮ್ಮೆ ಕೇಳಿ ನೋಡಿ.

ಅಂಕಿ ಸಂಖ್ಯೆ ಅವರೇ, ಬಿಡುವಿದ್ದರೆ ಆಟ ಎಂಬ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಬಿಡುವಿದ್ದೂ ಮಾಲ್‌ಗೆ ಹೋಗಬಹುದಿತ್ತಲ್ಲವೇ?

ಪುಟ್ಟ ಅಂಗಳ (ಉಡುಪಿ)

ಅಂಕಿ ಸಂಖ್ಯೆ ಅವರೇ, ಹಣವಿದ್ದವರು ಮಾತ್ರ ಆಡುತ್ತಾರೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅದೇ 2025ರ ವರದಿಯಲ್ಲಿ ಆರನೆಯ ಸ್ಥಾನದಲ್ಲಿರುವುದು ಕೋಸ್ಟರಿಕಾ, ಹತ್ತನೆಯದು ಮೆಕ್ಸಿಕೊ. ಎರಡೂ ಯುರೋಪಿನಂತೆ ಸಿರಿವಂತ ದೇಶಗಳಲ್ಲ. ಕೆಲಸದ ಮೇಲೆ ನಾನು ಕೋಸ್ಟರಿಕಾದಲ್ಲಿ ಆರು ವಾರ ಇದ್ದೆ. ಅಲ್ಲಿನ ಹಳ್ಳಿಗಳಲ್ಲಿ ಒಂದು ಇಗರ್ಜಿ, ಒಂದು ಶಾಲೆ, ಒಂದು ಕಿರಾಣಿ ಅಂಗಡಿ, ಇವುಗಳ ನಡುವೆ ಒಂದು ಫುಟ್‌ಬಾಲ್ ಬಯಲು ಇರುತ್ತದೆ. ನಮ್ಮ ದೇವಸ್ಥಾನದ ಎದುರಿನ ಗದ್ದೆಯಂತೆ ಊರಿನ ನಡುಮಧ್ಯೆ ಇರುವ ಜಾಗ ಅದು. ಸಂಜೆ ಬಿಸಿಲು ಇಳಿದ ಮೇಲೆ ಯಾರು ಬಂದರೆ ಅವರನ್ನು ಎರಡು ಪಾಲು ಮಾಡಿ ಆಡುತ್ತಾರೆ. ಆ ಆಟಕ್ಕೆ ‘ಮೆಹೆಂಗಾ’ ಎಂಬ ಹೆಸರೇ ಇದೆ. ಅಳತೆ, ಸಮವಸ್ತ್ರ, ತೀರ್ಪುಗಾರ ಯಾವುದೂ ಇಲ್ಲ. ನನ್ನನ್ನು ಕೇಳಿದ್ದು ಒಂದೇ, ಅಂಗಿ ಹಾಕಿಕೊಂಡ ಕಡೆಯೋ, ಬಿಚ್ಚಿದ ಕಡೆಯೋ ಎಂದು.

1948ರಲ್ಲಿ ಸೈನ್ಯವನ್ನೇ ತೆಗೆದುಹಾಕಿದ ದೇಶ ಅದು. ಶಾಲೆ, ಆರೋಗ್ಯಕ್ಕೆ ಹಣ ಹೋಯಿತೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ, ಅದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ಆದರೆ ಊರ ಮಧ್ಯದ ಬಯಲನ್ನು ಯಾರೂ ನಿವೇಶನ ಮಾಡಿ ಮಾರಲಿಲ್ಲ ಎಂಬುದು ನನ್ನ ವಾದಕ್ಕೆ ಬಲ ಕೊಡುತ್ತದೆ.

ಮಲಪ್ರಭೆ (ಧಾರವಾಡ)

ನಾನು ಶಿಕ್ಷಕಿ, ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಕಳೆದ ನವೆಂಬರ್‌ನಲ್ಲಿ ಮಗನೊಡನೆ ಐಸ್‌ಲ್ಯಾಂಡ್‌ಗೆ ಹೋಗಿದ್ದೆ. ಜಲಪಾತ, ಹಿಮನದಿ ಎಲ್ಲವನ್ನೂ ಕಂಡೆ. ನೆನಪಿನಲ್ಲಿ ಅಚ್ಚೊತ್ತಿರುವುದು ಮಾತ್ರ ರೇಕ್ಯಾವಿಕ್ ನಗರದ ಒಂದು ಈಜುಕೊಳ.

1937ರಲ್ಲಿ ಕಟ್ಟಿದ ಸಾರ್ವಜನಿಕ ಕೊಳ ಅದು. ಸಮುದ್ರವನ್ನೇ ನಂಬಿದ ಆ ದ್ವೀಪದಲ್ಲಿ ಮೀನುಗಾರರು ದಡ ಕಾಣುವಷ್ಟು ಹತ್ತಿರದಲ್ಲಿಯೇ ಮುಳುಗಿ ಸಾಯುತ್ತಿದ್ದರಂತೆ. ಆದ್ದರಿಂದ 1940ರಿಂದ ಶಾಲೆಗಳಲ್ಲಿ ಈಜು ಕಡ್ಡಾಯ. ಭೂಮಿಯೊಳಗಿನ ಬಿಸಿನೀರು ಧಾರಾಳವಾಗಿರುವುದರಿಂದ ಸಣ್ಣ ಸಣ್ಣ ಊರುಗಳಲ್ಲಿಯೂ ಬಯಲು ಕೊಳಗಳಿವೆ, ಹಿಮ ಸುರಿಯುವಾಗಲೂ ಅವು ತೆರೆದಿರುತ್ತವೆ.

ನೀರಿಗೆ ಇಳಿಯುವ ಮೊದಲು ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಲೇಬೇಕು, ಏಕೆಂದರೆ ಕೊಳದ ನೀರಿಗೆ ಕ್ಲೋರಿನ್ ಅನ್ನು ಬಹಳ ಕಡಿಮೆ ಬೆರೆಸುತ್ತಾರೆ. ಹೆಂಗಸರ ಸ್ನಾನದ ಕೋಣೆಯ ಬಾಗಿಲಲ್ಲಿ ನಾನು ಕಾಲು ಗಂಟೆ ನಿಂತುಬಿಟ್ಟೆ. ಒಳಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು, ಹೊಟ್ಟೆಯ ಮೇಲೆ ಹೆರಿಗೆಯ ಗುರುತುಗಳಿದ್ದ ತಾಯಂದಿರು, ಶಾಲೆಯ ಹುಡುಗಿಯರು ತಮ್ಮ ಪಾಡಿಗೆ ತಾವು ಮೈ ತೊಳೆದುಕೊಳ್ಳುತ್ತಿದ್ದರು. ಒಬ್ಬರ ಮೈಯನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಕೊನೆಗೆ ನಾನೂ ಒಳಗೆ ಹೋದೆ.

ಹೊರಗೆ ಸುಮಾರು 40 ಡಿಗ್ರಿ ಬಿಸಿಯ ಸಣ್ಣ ತೊಟ್ಟಿ, ಮೇಲೆ ಸೊನ್ನೆಗಿಂತ ಕೆಳಗಿನ ಗಾಳಿ. ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತ ಆರೇಳು ಜನ ಏನನ್ನೋ ಜೋರಾಗಿ ಚರ್ಚಿಸುತ್ತಿದ್ದರು. ಮಗ ಕೇಳಿ ತಿಳಿಸಿದ, ಮೀನು ಹಿಡಿಯುವ ಪಾಲಿನ ಬಗ್ಗೆ ಅವರ ಜಗಳ ನಡೆದಿತ್ತು. ಒಬ್ಬರು ಬಸ್ ಚಾಲಕರು, ಒಬ್ಬರು ವಕೀಲರು ಎಂದು ಆಮೇಲೆ ಗೊತ್ತಾಯಿತು. ನೀರಿನೊಳಗೆ ಯಾರು ಯಾರೆಂದು ಹೇಳಲು ಬರುವಂತಿರಲಿಲ್ಲ. ನಮ್ಮ ಕಡೆ ಕಟ್ಟೆಯ ಮೇಲಿನ ಪಂಚಾಯಿತಿ ಇದ್ದಂತೆಯೇ ಅದು, ವ್ಯತ್ಯಾಸವೆಂದರೆ ಅಲ್ಲಿ ಹೆಂಗಸರೂ ಕುಳಿತಿದ್ದರು. ಐವತ್ತಾರು ವರ್ಷಗಳಲ್ಲಿ ನಾಲ್ಕು ಜನರ ಎದುರು ನಾನು ನೀರಿಗಿಳಿದದ್ದು ಅದೇ ಮೊದಲು.

ಕಾಲುವೆ ದಂಡೆ (ಯುಟ್ರೆಕ್ಟ್)

ಮಲಪ್ರಭೆ ಮೇಡಂ ಅವರ ಬರಹಕ್ಕೆ ಧನ್ಯವಾದ. ನೆದರ್‌ಲ್ಯಾಂಡ್ಸ್‌ನಲ್ಲಿಯೂ ಕಾಲುವೆಗಳು ಮನೆ ಬಾಗಿಲಲ್ಲೇ ಇರುವುದರಿಂದ ಎಲ್ಲ ಮಕ್ಕಳೂ ಈಜು ಡಿಪ್ಲೊಮಾ ಪಡೆಯುವುದು ಕಡ್ಡಾಯ. ಪರೀಕ್ಷೆಯಲ್ಲಿ ಬಟ್ಟೆ, ಬೂಟು ತೊಟ್ಟುಕೊಂಡೇ ಈಜಬೇಕು, ಏಕೆಂದರೆ ಕಾಲುವೆಗೆ ಬೀಳುವ ಮಗು ಈಜುಡುಗೆ ತೊಟ್ಟು ಬೀಳುವುದಿಲ್ಲ.

ಶರಾವತಿ

ತಿದ್ದುಪಡಿ: ಡಿಪ್ಲೊಮಾ ರೂಢಿಯಿಂದ ಬಂದದ್ದು, ಕಾನೂನಿನ ಕಡ್ಡಾಯವಲ್ಲ. ಖರ್ಚನ್ನು ತಂದೆತಾಯಿಯರೇ ಭರಿಸಬೇಕು, ಕಡಿಮೆ ಆದಾಯದವರಿಗೆ ನಗರಸಭೆಗಳು ನೆರವು ಕೊಡುತ್ತವೆ. ಉಳಿದದ್ದೆಲ್ಲ ಸರಿ. ನನ್ನ ಮಗಳು ಬೂಟು ತೊಟ್ಟು ಈಜಿದ ದಿನ ನಾನು ದಡದಲ್ಲಿ ನಿಂತು ಅತ್ತಿದ್ದೆ. ನಮ್ಮ ತೀರ್ಥಹಳ್ಳಿಯ ಹೊಳೆಯಲ್ಲಿ ನನ್ನ ಜೊತೆಯ ಹುಡುಗನೊಬ್ಬ ಹೋದದ್ದು ಆರನೆಯ ತರಗತಿಯಲ್ಲಿ.

ಹಕ್ಕಿಗೂಡು (ಯೊಕೊಹಾಮಾ, ಜಪಾನ್)

ಸಂಘಟಿತ ಕ್ರೀಡೆ ಇದ್ದಲ್ಲಿ ಸಂತೋಷವೂ ಇರುತ್ತದೆ ಎಂಬ ತೀರ್ಮಾನಕ್ಕೆ ಬರುವ ಮೊದಲು ದಯವಿಟ್ಟು ಜಪಾನನ್ನೂ ನೋಡಿ. ಇಲ್ಲಿ ಎರಡು ಮುಖಗಳಿವೆ.

ಮೊದಲನೆಯದು ನನಗೆ ಪ್ರಿಯವಾದದ್ದು. 1928ರಲ್ಲಿ ಆರಂಭವಾದ ರೇಡಿಯೊ ವ್ಯಾಯಾಮ ಇಂದಿಗೂ ಬೆಳಿಗ್ಗೆ ಆರೂವರೆಗೆ ಪ್ರಸಾರವಾಗುತ್ತದೆ. ನಮ್ಮ ಮನೆಯ ಹಿಂದಿನ ಪುಟ್ಟ ಉದ್ಯಾನದಲ್ಲಿ ವೃದ್ಧರೊಬ್ಬರು ರೇಡಿಯೊವನ್ನು ಬೆಂಚಿನ ಮೇಲಿಡುತ್ತಾರೆ. ಪಿಯಾನೋ ಶುರುವಾದೊಡನೆ ಇಪ್ಪತ್ತು ಜನ ಕೈಯೆತ್ತುತ್ತಾರೆ. ಬೇಸಿಗೆ ರಜೆಯಲ್ಲಿ ಮಕ್ಕಳು ಕೊರಳಿಗೆ ಚೀಟಿ ನೇತುಹಾಕಿಕೊಂಡು ಬಂದು, ಬಂದ ದಿನಕ್ಕೊಂದು ಮುದ್ರೆ ಹಾಕಿಸಿಕೊಳ್ಳುತ್ತಾರೆ. ಚೆನ್ನಾಗಿ ಮಾಡಿದ್ದಕ್ಕೆ ಮುದ್ರೆಯಲ್ಲ, ಬಂದದ್ದಕ್ಕೆ.

ಎರಡನೆಯದು ಶಾಲೆಗಳ ಕ್ರೀಡಾ ಕ್ಲಬ್ಬುಗಳು. ಅನೇಕ ಕಡೆ ವಾರಾಂತ್ಯವೂ ಬಿಡುವಿಲ್ಲದ ಅಭ್ಯಾಸ, ಹಿರಿಯ ವಿದ್ಯಾರ್ಥಿಗಳ ದರ್ಪ, ಕೆಲವು ಕಡೆ ಹೊಡೆತ. 2012ರ ಕೊನೆಯಲ್ಲಿ ಒಸಾಕಾದ ಪ್ರೌಢಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕ ತರಬೇತುದಾರನ ಹೊಡೆತಗಳ ನಂತರ ಆತ್ಮಹತ್ಯೆ ಮಾಡಿಕೊಂಡಾಗ ಇಡೀ ದೇಶವೇ ತಲ್ಲಣಿಸಿತು. ಜೂಡೋ ಹುಟ್ಟಿದ ಈ ನಾಡಿನಲ್ಲಿ, 2022ರಲ್ಲಿ ಜೂಡೋ ಒಕ್ಕೂಟವೇ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಪಂದ್ಯಾವಳಿಯನ್ನು ರದ್ದುಮಾಡಿತು. ಗೆಲುವಿನ ಹುಚ್ಚು ಮಿತಿಮೀರಿದೆ ಎಂಬುದೇ ಅವರು ಕೊಟ್ಟ ಕಾರಣ. ಕುಕ್ಕರಹಳ್ಳಿ ಅವರೇ, ನಿಮ್ಮ ಮಗನಿಗೆ ಆದದ್ದು ಮೈಸೂರಿನಲ್ಲಿ ಮಾತ್ರ ಆಗುವಂಥದ್ದಲ್ಲ.

ಅಂಕಿ ಸಂಖ್ಯೆ

ಹಕ್ಕಿಗೂಡು ಅವರ ಮಾತು ನನಗೆ ಬೇಕಾಗಿದ್ದ ಉದಾಹರಣೆ. ಶ್ರೀಮಂತಿಕೆ, ಶಿಸ್ತು, ಮೈದಾನ ಎಲ್ಲ ಇದ್ದೂ 2025ರಲ್ಲಿ ಜಪಾನ್ 55ನೆಯ ಸ್ಥಾನದಲ್ಲಿದೆ. ಹಾಗಾದರೆ ಹಣವೊಂದೇ ಕಾರಣ ಎಂಬ ನನ್ನ ವಾದವೂ ಪೂರ್ತಿ ನಿಲ್ಲುವುದಿಲ್ಲ, ಅದನ್ನು ಒಪ್ಪುತ್ತೇನೆ. ಅದೇ ವರ್ಷದ ವರದಿ ಜೊತೆಯಲ್ಲಿ ಕೂತು ಊಟ ಮಾಡುವುದರ ಬಗ್ಗೆ ಒಂದು ಇಡೀ ಅಧ್ಯಾಯ ಬರೆದಿದೆ. ಇಂದಿನ ದಿನಗಳಲ್ಲಿ ಒಬ್ಬರೇ ಉಣ್ಣುವವರಿಗಿಂತ ಜೊತೆಗೂಡಿ ಉಣ್ಣುವವರು ತಮ್ಮ ಬದುಕನ್ನು ಮೇಲಿನ ಮೆಟ್ಟಿಲಲ್ಲಿ ಕಾಣುತ್ತಾರೆ ಎಂಬುದು ಅದರ ಸಾರ. ಆಟಕ್ಕೂ ಇದೇ ಅನ್ವಯಿಸಬಹುದೇನೋ.

ಕುಂಚಿಕಲ್ಲು (ಶಿವಮೊಗ್ಗ)

ಸಂತೋಷದ ಮಾತು ಬಂದಲ್ಲಿ ಭೂತಾನ್ ಬಾರದೆ ಇರುವುದಿಲ್ಲ. ನಾನು ಗಡಿಯ ಈಚೆಗಿನ ಜೈಗಾಂವ್‌ನಿಂದ ಆಚೆಗಿನ ಫುನ್‌ಶೋಲಿಂಗ್ ಮೂಲಕ ರಸ್ತೆಯಲ್ಲಿ ಹೋದೆ. ಭಾರತೀಯರಿಗೆ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ, ಉಳಿದ ಹೆಚ್ಚಿನ ದೇಶದವರಿಗೆ ನೂರು ಡಾಲರ್. ಒಟ್ಟು ರಾಷ್ಟ್ರೀಯ ಸಂತೋಷ ಎಂಬ ಮಾತನ್ನು ಲೋಕಕ್ಕೆ ಕೊಟ್ಟ ನಾಲ್ಕನೆಯ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಭಾವಚಿತ್ರ ಅಲ್ಲಲ್ಲಿ ಕಾಣುತ್ತದೆ.

ನಾನು ನೋಡಬೇಕೆಂದುಕೊಂಡದ್ದು ಅಲ್ಲಿನ ರಾಷ್ಟ್ರೀಯ ಕ್ರೀಡೆ ಬಿಲ್ಲುಗಾರಿಕೆಯನ್ನು. ಗುರಿ ಸುಮಾರು 145 ಮೀಟರ್ ದೂರ, ಒಲಿಂಪಿಕ್ಸ್‌ನ 70 ಮೀಟರಿಗೆ ಎರಡು ಪಟ್ಟಿಗೂ ಹೆಚ್ಚು. ಹಲಗೆ ಒಂದು ಮೊಳದಷ್ಟು ಅಗಲವೂ ಇಲ್ಲದ್ದು. ಎದುರಾಳಿ ತಂಡದವರು ಆ ಹಲಗೆಯ ಪಕ್ಕದಲ್ಲಿಯೇ ನಿಂತು ಬಾಣ ಬಿಡುವವನನ್ನು ಹಾಡಿ ಕಿಚಾಯಿಸುತ್ತಾರೆ. ಬಾಣ ನಾಟಿದರೆ ಸ್ವಂತ ತಂಡದವರು ಸಾಲಾಗಿ ನಿಂತು, ಒಂದು ಕಾಲು ಎತ್ತಿ ನಿಧಾನವಾಗಿ ಕುಣಿಯುತ್ತಾರೆ. ಹೊಡೆದವನ ಸೊಂಟಕ್ಕೆ ಬಣ್ಣದ ವಸ್ತ್ರವೊಂದು ಸೇರುತ್ತದೆ. ಒಂದು ಪಂದ್ಯ ಇಡೀ ದಿನ ನಡೆಯುತ್ತದೆ. ನಡುವೆ ಊಟ, ಬೆಣ್ಣೆಯ ಚಹಾ, ಹರಟೆ.

ಆದರೆ ನನ್ನನ್ನು ಸುತ್ತಾಡಿಸಿದ ಯುವಕ ಪಾರೋಗೆ ತಲುಪುವಾಗ, ತನ್ನ ತಂಗಿ ಮತ್ತು ಇಬ್ಬರು ಗೆಳೆಯರು ಆಸ್ಟ್ರೇಲಿಯಾಕ್ಕೆ ಹೋಗಿದ್ದಾರೆ, ತಾನೂ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ ಎಂದ. ಭೂತಾನದ ಯುವಜನರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋಗುತ್ತಿರುವುದು ಅಲ್ಲಿನ ಸರ್ಕಾರಕ್ಕೇ ಚಿಂತೆಯ ವಿಷಯ. ಬಿಲ್ಲಿನ ತಂಡಕ್ಕೆ ಈಗ ಆಳು ಸಾಲುತ್ತಿಲ್ಲ ಎಂದೂ ಅವನೇ ಹೇಳಿದ. ಸಂಬಳ ಇಲ್ಲದ ಊರಿನಲ್ಲಿ ಎಂಥ ಆಟವೂ ಮನುಷ್ಯನನ್ನು ಹಿಡಿದಿಡಲಾರದು.

ಸ್ವಾನ್ ನದಿ (ಪರ್ತ್, ಆಸ್ಟ್ರೇಲಿಯಾ)

ನಮ್ಮ ಪರ್ತ್‌ನಲ್ಲಿ ಭೂತಾನದವರು ಬಹಳ ಜನ ಇದ್ದಾರೆ. ಬಿಲ್ಲುಗಾರಿಕೆಯನ್ನು ಇಲ್ಲಿಗೂ ತಂದಿದ್ದಾರೆ.

ಶನಿವಾರದ ಬೆಳಗಿನ ಬಗ್ಗೆ ಕೇಳಿದ್ದೀರಿ. ಇಲ್ಲಿ ಅದಕ್ಕೆ ಪಾರ್ಕ್‌ರನ್ ಎಂಬ ಹೆಸರಿದೆ. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಜನ ಓಡಿ ಶುರುವಾದದ್ದು ಈಗ ಹಲವು ದೇಶಗಳಿಗೆ ಹಬ್ಬಿದೆ. ವಾರಕ್ಕೊಮ್ಮೆ 5 ಕಿಲೋಮೀಟರ್, ಶುಲ್ಕವಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಓಡಬಹುದು, ನಡೆಯಬಹುದು. ಎಲ್ಲರ ಹಿಂದೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕರನ್ನು ನೇಮಿಸಿರುತ್ತಾರೆ. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. 2024ರ ಫೆಬ್ರವರಿಯಲ್ಲಿ ವೇಗದ ದಾಖಲೆಗಳ ಪಟ್ಟಿಗಳನ್ನು ಸಹ ಅವರು ತೆಗೆದುಹಾಕಿದರು. ಅದರ ಮೇಲೆ ದೊಡ್ಡ ಜಗಳವೇ ನಡೆಯಿತು, ವೇಗವಾಗಿ ಓಡುವವರು ಬೇಸರಗೊಂಡರು. ಅವರ ಬೇಸರವೂ ನನಗೆ ಅರ್ಥವಾಗುತ್ತದೆ.

ತುಮಕೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಮೂರು ತಿಂಗಳು ಮನೆಯೊಳಗೇ ಇದ್ದು ಬೇಸತ್ತಿದ್ದರು. ಒಂದು ಶನಿವಾರ ಸೀರೆಯ ಕೆಳಗೆ ನನ್ನ ಹಳೆಯ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಬಂದರು. ಕೊನೆಯಲ್ಲಿ ಬರುವ ಸ್ವಯಂಸೇವಕಿ ಅವರ ಪಕ್ಕದಲ್ಲಿಯೇ ಒಂದು ಗಂಟೆಗೂ ಹೆಚ್ಚು ಹೊತ್ತು ನಡೆದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುಗಿಯುವ ಗೆರೆಯ ಹತ್ತಿರ ಜನ ಚಪ್ಪಾಳೆ ತಟ್ಟಿದಾಗ ಅತ್ತೆಯವರು ಹಿಂದಿರುಗಿ ನೋಡಿದರು, ಯಾರಿಗೋ ತಟ್ಟುತ್ತಿದ್ದಾರೆ ಎಂದುಕೊಂಡು.

ಮುಂಗುರುಳು (ಮೈಸೂರು)

ಎಲ್ಲವನ್ನೂ ಓದಿದೆ. ಒಂದು ಮಾತು ಉಳಿದುಹೋಗಿದೆ. ನಮ್ಮಲ್ಲಿ ಸೆಲೆಕ್ಷನ್ ಆಗದ ಹುಡುಗ ಬೂಟು ಅಟ್ಟಕ್ಕೆ ಇಡುತ್ತಾನೆ, ಹುಡುಗಿಯ ಕೈಗೆ ಬೂಟೇ ಬರುವುದಿಲ್ಲ. ನಾನು ಏಳನೆಯ ತರಗತಿಯವರೆಗೆ ಖೋ ಖೋ ಆಡಿದೆ. ಎಂಟಕ್ಕೆ ಬಂದಾಗ ಅಪ್ಪ, ಅಮ್ಮ ಯಾರೂ ಬೇಡ ಎನ್ನಲಿಲ್ಲ. ಮೈದಾನದ ಹತ್ತಿರ ಶೌಚಾಲಯ ಇರಲಿಲ್ಲ, ಅಷ್ಟೇ. ಈಗ ನನ್ನ ಮಗಳಿಗೆ ಹತ್ತು ವರ್ಷ.

ಕಕ್ಕಬ್ಬೆ (ಕೊಡಗು)

ಎಲ್ಲರೂ ಸಮುದ್ರದಾಚೆ ಹುಡುಕುತ್ತಿದ್ದೀರಿ, ಹಿತ್ತಲ ಗಿಡ ಮದ್ದಲ್ಲ ಎಂಬಂತೆ. ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನು ಯಾರೂ ನೆನೆಯಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಆರಂಭವಾಯಿತು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ. ಮಳೆಯ ಅನಾಹುತ, ಕೋವಿಡ್ ಎಂದು ಕೆಲವು ವರ್ಷ ನಿಂತುಹೋಗಿ 2023ರಲ್ಲಿ ಮತ್ತೆ ನಡೆಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು.

ತಂಡಕ್ಕೆ ಆಯ್ಕೆ ಎಂದರೆ ಇಷ್ಟೆ, ನೀವು ಆ ಒಕ್ಕದವರು, ಎಂದರೆ ಆ ಮನೆತನದವರು, ಆಗಿರಬೇಕು. ಒಲಿಂಪಿಕ್ಸ್ ಆಡಿದವರ ಪಕ್ಕದಲ್ಲಿ ಕಾಫಿ ತೋಟ ಬಿಟ್ಟು ಬೇರೇನೂ ನೋಡದವರು ನಿಲ್ಲುತ್ತಾರೆ. ನಮ್ಮ ತಂಡದಲ್ಲಿ ಒಮ್ಮೆ ದೊಡ್ಡಪ್ಪ ಗೋಲಿಯಾಗಿದ್ದರು, ಅವರ ಮೊಮ್ಮಗಳು ಮುಂಪಡೆಯಲ್ಲಿದ್ದಳು. ಮೊದಲ ಸುತ್ತಿನಲ್ಲೇ ಸೋತೆವು. ಆಮೇಲೆ ಬೆಂಗಳೂರು, ದುಬೈ ಎಂದು ಚದುರಿದ್ದ ನಲವತ್ತು ಜನ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಕಡಂಬುಟ್ಟು, ಪಂದಿ ಕರಿ ಉಂಡು ರಾತ್ರಿಯಿಡೀ ಆ ಆಟವನ್ನೇ ಮತ್ತೆ ಮತ್ತೆ ಆಡಿದೆವು, ಮಾತಿನಲ್ಲಿ.

ಅಂಕಿ ಸಂಖ್ಯೆ

ಕಕ್ಕಬ್ಬೆ ಅವರೇ, ತುಂಬ ಚೆಂದ. ಆದರೆ ಆ ಒಕ್ಕದವರಲ್ಲದವರು ಗ್ಯಾಲರಿಯಲ್ಲಿಯೇ ಕೂರಬೇಕಲ್ಲ? ವಲಸೆ ಬಂದವರಿಂದಲೇ ತುಂಬಿದ ನಗರಗಳಿಗೆ ಇದು ಮಾದರಿಯಾಗುವುದು ಹೇಗೆ?

ಕಕ್ಕಬ್ಬೆ

ಬೇಲಿ ಇದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಕೊಡಗಿನ ಬೇರೆ ಸಮುದಾಯಗಳೂ ಈಗ ತಮ್ಮ ತಮ್ಮ ಕುಟುಂಬಗಳ ಕ್ರಿಕೆಟ್, ಹಗ್ಗಜಗ್ಗಾಟಗಳನ್ನು ಇದೇ ರೀತಿಯಲ್ಲಿ ನಡೆಸುತ್ತಾರೆ. ನಗರದಲ್ಲಿ ಒಕ್ಕದ ಜಾಗದಲ್ಲಿ ಬೀದಿಯನ್ನು ಇಟ್ಟು ನೋಡಿ. ಒಂದು ಬೀದಿಗೆ ಒಂದು ತಂಡ.

ಮಣ್ಣಿನ ಮನೆ (ಮೈಸೂರು)

ನನಗೆ ಅರವತ್ತೆರಡು ವರ್ಷ. ಹದಿನಾಲ್ಕರಿಂದ ಗರಡಿಗೆ ಹೋಗುತ್ತಿದ್ದೇನೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ ಕಲಸಿ ಹದ ಮಾಡುವ ಕೆಲಸವನ್ನು ಹೊಸಬರಿಗೇ ಮೊದಲು ಕೊಡುತ್ತೇವೆ. ಯಾವ ಜಾತಿ, ಯಾವ ಮೊಹಲ್ಲಾ ಎಂದು ಆ ಮಣ್ಣು ಕೇಳುವುದಿಲ್ಲ. ದಸರಾ ಕುಸ್ತಿಗೆ ಇಳಿದವರು ನಮ್ಮಲ್ಲಿ ನಾಲ್ಕೈದು ಜನ ಇರಬಹುದು, ಉಳಿದವರೆಲ್ಲ ಬೆಳಗಿನ ಬೆವರಿಗಾಗಿ ಬಂದವರು. ಮುಂಗುರುಳು ಅಮ್ಮ ಹೇಳಿದ ಮಾತು ನನಗೂ ತಾಗಿತು. ನಮ್ಮ ಗರಡಿಗೆ ಹೆಣ್ಣುಮಕ್ಕಳು ಇಂದಿಗೂ ಬಂದಿಲ್ಲ. ಅದು ನಮ್ಮ ಕೊರತೆ.

ಕುಕ್ಕರಹಳ್ಳಿಯವರೇ, ಗರಡಿಯ ಹಿಂಬದಿಯ ಬಯಲು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಚೆಂಡು ನಿಮ್ಮದು, ಬಯಲು ನಮ್ಮದು. ಫೀಸು, ಸೆಲೆಕ್ಷನ್ ಎಂಬ ಮಾತು ಮಾತ್ರ ಅಲ್ಲಿ ಆಡಬಾರದು.

ಕುಕ್ಕರಹಳ್ಳಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮಣ್ಣಿನ ಮನೆ ಯಜಮಾನರ ಕೃಪೆಯಿಂದ ನಾಲ್ಕು ಭಾನುವಾರ ಆಡಿದ್ದೇವೆ. ಮೊದಲ ವಾರ ಐದು ಮಕ್ಕಳು, ಕಳೆದ ವಾರ ಹದಿನೇಳು. ಆರು ಜನರ ತಂಡ ಮಾಡಿ, ಉಳಿದವರನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತೇವೆ. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಪೆನಾಲ್ಟಿ. ಗರಡಿಯ ಹಿರಿಯರೊಬ್ಬರು ಗೋಲಿನಲ್ಲಿ ನಿಲ್ಲುತ್ತಾರೆ, ತೀರಾ ಚಿಕ್ಕವರು ಒದ್ದಾಗ ಚೆಂಡಿಗೆ ಎದುರು ದಿಕ್ಕಿನಲ್ಲಿ ಹಾರುತ್ತಾರೆ. ಜೆರ್ಸಿ ಇನ್ನೂ ಇಲ್ಲ, ಒಂದು ತಂಡದವರು ತೋಳಿಗೆ ಪಂಚೆಯ ತುಂಡು ಕಟ್ಟಿಕೊಳ್ಳುತ್ತಾರೆ. ಇಬ್ಬರು ತಂದೆಯರು ಪಂದ್ಯಾವಳಿ ಮಾಡೋಣ, ಕಪ್ ಇಡೋಣ ಎಂದು ಒತ್ತಾಯಿಸುತ್ತಿದ್ದಾರೆ. ಅವರನ್ನು ನೋಯಿಸದೆ ಬೇಡ ಎನ್ನುವುದು ಹೇಗೆಂದು ತಿಳಿಯುತ್ತಿಲ್ಲ. ಮಗನ ಬೂಟು ಕಿರಿದಾಗಿದೆ, ಬರಿಗಾಲಲ್ಲಿ ಆಡುತ್ತಿದ್ದಾನೆ.

ಹದಿನೇಳರಲ್ಲಿ ಹುಡುಗಿಯರು ಇಬ್ಬರೇ.

ಏಳು ಬೆಟ್ಟದೂರು

ಕಪ್ ಬೇಡವೆನ್ನುವ ಬದಲು ಬಂದ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪದಕ ಕೊಡಿ. ಇಲ್ಲಿ ಹಾಗೆಯೇ ಮಾಡುತ್ತಾರೆ. ಖರ್ಚು ಆ ಇಬ್ಬರು ತಂದೆಯರದೇ ಆಗಲಿ.

ಮುಂಗುರುಳು

ಈ ಭಾನುವಾರ ಮಗಳನ್ನು ಕರೆತರುತ್ತೇನೆ, ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಬರುತ್ತಾರೆ. ಬಯಲಿನ ಹತ್ತಿರ ಶೌಚಾಲಯ ಇದೆಯೇ?

ಮಣ್ಣಿನ ಮನೆ

ಬಯಲಿಗೆ ಅಂಟಿಕೊಂಡಿರುವ ಹಸಿರು ಬಾಗಿಲಿನ ಮನೆ ನಮ್ಮ ಅಕ್ಕನದು. ಆರರಿಂದ ಒಂಬತ್ತರವರೆಗೆ ಬಾಗಿಲು ತೆರೆದಿಡಲು ಹೇಳಿದ್ದೇನೆ. ನೀರು, ಸೋಪು ಇದೆ. ಕದ ತಟ್ಟುವುದೂ ಬೇಡ, ನೇರ ಒಳಗೆ ಹೋಗಲಿ.